ಓದಿ ಹೇಳಿದ ಮೇಲೆ ಸಹಿ

ಮೊದಲು ಲ್ಯಾಮಿನೇಷನ್ ವಿಷಯ ಹೇಳಿಬಿಡುತ್ತೇನೆ. ನೋಟರಿ ಕೆಲಸಕ್ಕೆ ಹೊಸದಾಗಿ ಬಂದ ವಕೀಲರು ಮನೆಗೆ ಬಂದಾಗ ನನ್ನನ್ನು ಕೇಳುವುದು ದೊಡ್ಡ ಪ್ರಶ್ನೆಗಳನ್ನು. ಯಾವ ದೇಶಕ್ಕೆ ಹೋಗುವ ಕಾಗದಕ್ಕೆ ದೆಹಲಿಯ ಚೀಟಿ ಸಾಕು, ಯಾವ ದೇಶಕ್ಕೆ ಅವರ ರಾಯಭಾರ ಕಚೇರಿಯ ಮೊಹರೂ ಬೇಕು, ಬೆಂಗಳೂರಿನಲ್ಲಿ ಯಾವ ಕಿಟಕಿಯ ಮುಂದೆ ನಿಲ್ಲಬೇಕು ಎಂದೆಲ್ಲ. ಅದು ಈಗ ಮೊಬೈಲಿನಲ್ಲೇ ಸಿಗುತ್ತದೆ. ಸಿಗದೇ ಇರುವುದು ಇಂಥವು. ಬೂವನಹಳ್ಳಿಯ ಒಬ್ಬ ತಂದೆ, ಮಗಳು ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೊರಟಿದ್ದಾಳೆಂಬ ಸಂಭ್ರಮದಲ್ಲಿ, ಅವಳ ಒಂದನೇ ತರಗತಿಯ ಪ್ರಗತಿ ಪತ್ರದಿಂದ ಹಿಡಿದು ನರ್ಸಿಂಗ್ ಸರ್ಟಿಫಿಕೇಟಿನವರೆಗೆ ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸಿ ತಂದಿದ್ದ. ನನ್ನ ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿದ. ಫಳಫಳ ಹೊಳೆಯುತ್ತಿದ್ದವು. ನಮ್ಮೂರಿಗೇ ವಿಮಾನ ನಿಲ್ದಾಣ ಬರ್ತೈತಂತೆ ಮೇಡಂ, ನಮ್ ಕಾಗದ ರೆಡಿ ಇರ್ಬೇಕಲ್ವಾ ಅಂದ.

ಪ್ಲಾಸ್ಟಿಕ್ಕಿನ ಮೇಲೆ ಮೊಹರು ನಿಲ್ಲುವುದಿಲ್ಲ, ಬೆರಳು ತಾಕಿದರೆ ಅಳಿಸಿಹೋಗುತ್ತದೆ. ಅಪೊಸ್ಟಿಲ್ ಎಂದರೆ, ಈ ಕಾಗದದ ಮೇಲಿನ ಸಹಿ, ಮೊಹರು ನಿಜವಾದದ್ದು ಎಂದು ನಮ್ಮ ಸರ್ಕಾರ ಬೇರೆ ಸರ್ಕಾರಕ್ಕೆ ಹೇಳುವ ಒಂದು ಚೀಟಿ. ಅದನ್ನು ಅಂಟಿಸುವುದು ಮೂಲ ಕಾಗದದ ಬೆನ್ನಿಗೆ. ಬೆನ್ನೇ ಇಲ್ಲದ ಕಾಗದಕ್ಕೆ ಏನು ಮಾಡುವುದು? ಇಸ್ತ್ರಿಪೆಟ್ಟಿಗೆ ಕಾಯಿಸಿ ಬಿಡಿಸುತ್ತೇನೆಂದು ಅವನು ಹೊರಟ. ಬೇಡವೆಂದು ಕೈ ಹಿಡಿದು ಕೂರಿಸಿದೆ. ಹೊಸ ಪ್ರತಿ ತರಿಸುವಷ್ಟರಲ್ಲಿ ಜೊತೆಯ ಹುಡುಗಿಯರೆಲ್ಲ ಹೋಗಿಯಾಗಿತ್ತು. ಇವಳು ಮುಂದಿನ ತಂಡದಲ್ಲಿ ಹೋದಳು. ಆದ್ದರಿಂದ ನಿಮ್ಮ ಕೋಣೆಯ ಬಾಗಿಲಿಗೆ ಬೇರೆ ಯಾವ ಬೋರ್ಡು ಹಾಕದಿದ್ದರೂ, ಮೂಲ ದಾಖಲೆಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ ಎಂಬುದೊಂದು ಬೋರ್ಡು ಹಾಕಿ.

ನಾನು ಚನ್ನರಾಯಪಟ್ಟಣದ ಪ್ರೈಮರಿ ಶಾಲೆಯ ಮೇಷ್ಟರ ಮಗಳು. ಕಾನೂನು ಓದಿ ಹಾಸನಕ್ಕೆ ಬಂದು, ಹೊಳೆನರಸೀಪುರದಿಂದ ಬಂದು ನೆಲೆಸಿದ್ದ ಶೇಷಾದ್ರಿ ಎಂಬ ಹಿರಿಯ ವಕೀಲರ ಕೈಕೆಳಗೆ ಸೇರಿದೆ. ಮುಂದೆ ನೋಟರಿಯಾದೆ. ಕೋರ್ಟಿನ ಹಿಂದಿನ ಬೀದಿಯಲ್ಲಿ, ಜೆರಾಕ್ಸ್ ಅಂಗಡಿಯ ಪಕ್ಕದ ಕೋಣೆಯಲ್ಲಿ ಕೂತು, ಕಣ್ಣು ಮಂಜಾಗುವವರೆಗೂ ಅದೇ ಕೆಲಸ ಮಾಡಿದೆ. ಜಮೀನಿನ ಕರಾರು, ಬಾಡಿಗೆ ಪತ್ರ ಎಲ್ಲರಂತೆ ನನಗೂ ಬರುತ್ತಿದ್ದವು. ಆದರೆ ಹೊರದೇಶದ ಕಾಗದ ಎಂದರೆ ಜನ ನನ್ನ ಕೋಣೆಯನ್ನೇ ತೋರಿಸುತ್ತಿದ್ದರು. ಅದಕ್ಕೆ ಕಾರಣ ನನ್ನ ಜಾಣತನವಲ್ಲ. ಬೆಂಗಳೂರಿಗೆ ಬೆಳಗಿನ ಮೊದಲ ಬಸ್ಸಿನಲ್ಲಿ ಹೋಗಿ ಸಾಲಿನಲ್ಲಿ ನಿಲ್ಲಲು ಬೇಸರಪಡದವರು ಆಗ ಕೋರ್ಟಿನ ಸುತ್ತ ನಾನೊಬ್ಬಳೇ ಇದ್ದೆ, ಅಷ್ಟೆ. ಆಗ ದೆಹಲಿಗೆ ಅಂಚೆಯಲ್ಲಿ ಹೋದ ಕಾಗದ ವಾಪಸ್ಸು ಬರುತ್ತದೋ ಇಲ್ಲವೋ ಎಂದು ಕಾಯುವುದೇ ಒಂದು ಕೆಲಸ. ಕಬ್ಬಿಣದ ಒತ್ತು ಮುದ್ರೆಯನ್ನು ಎರಡೂ ಕೈಯಿಂದ ಅದುಮಿ ಅಂಗೈ ಕೆಂಪಾಗುತ್ತಿತ್ತು. ಈಗ ಇ-ಸ್ಟಾಂಪು, ಬಾರ್ ಕೋಡು, ಕೊರಿಯರು. ಹಳೆಯದೇ ಚೆನ್ನಾಗಿತ್ತು ಎಂದು ನಾನೇನೂ ಹೇಳುವುದಿಲ್ಲ. ಹೊಸದೇ ಚೆನ್ನ.

ಶೇಷಾದ್ರಿಯವರಿಂದ ನಾನು ಕಲಿತದ್ದು ಒಂದೇ ವಿಷಯ. ಸಹಿ ಹಾಕುವವರ ಮುಂದೆ ಇಡೀ ಕಾಗದವನ್ನು, ಅವರಿಗೆ ತಿಳಿಯುವ ಭಾಷೆಯಲ್ಲಿ, ಗಟ್ಟಿಯಾಗಿ ಓದಿ ಹೇಳಬೇಕು. ಕಾಗದದ ಕೊನೆಯಲ್ಲಿ ಓದಿ ಹೇಳಲಾಗಿದೆ, ಕೇಳಿ ಸರಿಯೆಂದು ಒಪ್ಪಿರುತ್ತಾರೆ ಎಂದು ಎಲ್ಲರೂ ಅಚ್ಚು ಹಾಕಿಸಿರುತ್ತಾರೆ. ಓದುವವರು ಕಡಿಮೆ. ಒಮ್ಮೆ ಒಬ್ಬ ನಿವೃತ್ತ ಪ್ರಿನ್ಸಿಪಾಲರು ಬಂದಿದ್ದರು. ನಾನೇ ಓದಿಕೊಂಡಿದ್ದೀನಿ ಎಂದರು. ನಮ್ಮ ಸೀನಿಯರ್ ಶೇಷಾದ್ರಿಯವರು, ಇರಲಿ ಸಾರ್ ಎಂದು ಓದಲು ಶುರು ಮಾಡಿದರು. ಆರೇಳು ಪುಟ. ನಡುವೆ ಪ್ರಿನ್ಸಿಪಾಲರು ಕುರ್ಚಿಯಲ್ಲೇ ತೂಕಡಿಸಿದರು. ಸೀನಿಯರ್ ಓದುವುದನ್ನು ನಿಲ್ಲಿಸಿ ಸುಮ್ಮನೆ ಕಾಯುತ್ತ ಕೂತರು. ಅವರಿಗೆ ಎಚ್ಚರವಾದ ಮೇಲೆ ಮತ್ತೆ ಮೊದಲನೇ ಪುಟದಿಂದ ಓದಿದರು. ನನಗೆ ನಗು ತಡೆಯಲಾಗದೆ ಫೈಲು ತರುವ ನೆಪದಲ್ಲಿ ಹೊರಗೆ ಹೋದೆ.

ಹೆಸರಿನ ಗೋಜಲು ನಮ್ಮ ಸೀಮೆಯಲ್ಲಿ ಜಾಸ್ತಿ. ನಮ್ಮ ಜನ ಮಾತಿನಲ್ಲಿ ಹಕಾರ ಬಿಡುತ್ತಾರೆ. ಹೊನ್ನಮ್ಮ ಒನ್ನಮ್ಮನಾಗುತ್ತಾಳೆ, ಹನುಮಯ್ಯ ಅನುಮಯ್ಯನಾಗುತ್ತಾನೆ. ಬರೆದುಕೊಳ್ಳುವವರು ಕೇಳಿದ ಹಾಗೇ ಬರೆದುಬಿಟ್ಟರೆ ಮುಗಿಯಿತು. ಇಂಗ್ಲಿಷಿನಲ್ಲಿ ಎಚ್ ಮತ್ತು ಎ ನಡುವೆ ಸಮುದ್ರವೇ ಇದೆ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಿಂದ ಕೂಲಿ ಕೆಲಸದ ಒಬ್ಬರು, ವೆಲ್ಡಿಂಗ್ ಕಲಿತ ಮಗನ ಕಾಗದ ಹಿಡಿದು ಬಂದರು. ಮಗನ ಶಾಲೆಯ ದಾಖಲೆಯಲ್ಲಿ ತಂದೆ ಅನುಮಯ್ಯ. ಮತದಾರರ ಚೀಟಿಯಲ್ಲಿ ಹನುಮಯ್ಯ. ಆಮೇಲೆ ಆ ಮನೆಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು, ಹೊಸ ಗುರುತಿನ ಚೀಟಿಯಲ್ಲಿ ತಂದೆಯ ಹೆಸರು ಆನಂದ. ಈ ಹುಡುಗನಿಗೆ ಎಷ್ಟು ಜನ ತಂದೆಯರು ಎಂದು ಅವನು ಕೆಲಸಕ್ಕೆ ಹೊರಟಿದ್ದ ದೇಶದಿಂದ ಪ್ರಶ್ನೆ ಬಂದಿತ್ತು. ಮೂವರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಬೇಕಾಗಿತ್ತು. ನಾನು ಹಳೆಯ ಹೆಸರಿನಿಂದ ಶುರು ಮಾಡಿ ಓದಿದೆ. ಅವರು ತಡೆದರು.

"ಮೂರು ಎಸ್ರೂ ನಂದೇ ಕಣಮ್ಮ. ಒಂದು ನಮ್ಮವ್ವ ಕರ್ದಿದ್ದು, ಒಂದು ಬರ್ಕೊಳ್ಳೋರು ಬರ್ಕೊಂಡಿದ್ದು. ಆನಂದ ಅನ್ನೋದು ನಾನಾಗೇ ಇಟ್ಕಂಡಿದ್ದು. ಅದ್ನ ಮೊದ್ಲು ಬರೀರಿ."

ನಮ್ಮ ನಮೂನೆಯಲ್ಲಿ ಯಾವಾಗಲೂ ಹುಟ್ಟಿದ ಹೆಸರು ಮೊದಲು. ಹಾಗೇ ಬರೆಯಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ ಎಂಬುದು ನನಗೆ ಹೊಳೆದದ್ದು ಆವತ್ತು. ಮತ್ತೆ ಟೈಪ್ ಮಾಡಿಸಿದೆ. ಆನಂದ, ಈ ಮುಂಚೆ ಹನುಮಯ್ಯ ಮತ್ತು ಅನುಮಯ್ಯ ಎಂದು ಕರೆಯಲಾಗುತ್ತಿದ್ದವರು. ಅವರು ಕೇಳಿ, ಈಗ ಸರೋಯ್ತು ಎಂದು ಸಹಿ ಹಾಕಿದರು.

ಇಷ್ಟು ಹೇಳಿದ್ದು ಕೆಲಸದ ರೀತಿ ತಿಳಿಯಲಿ ಎಂದು. ನನ್ನ ವೃತ್ತಿಯಲ್ಲಿ ನನ್ನನ್ನು ನಿಜಕ್ಕೂ ಕಷ್ಟಕ್ಕೆ ಸಿಕ್ಕಿಸಿದ ಕಾಗದ ಬೇರೆ. ಅದನ್ನು ತಂದವನು ಪುಟ್ಟಸ್ವಾಮಿ.

ಹೊಳೆನರಸೀಪುರ ತಾಲ್ಲೂಕಿನಲ್ಲಿ ಹಳೇಕೋಟೆಯ ಹತ್ತಿರದ ಹಳ್ಳಿ ಅವನದು. ಜಮೀನು ನೋಡಿಕೊಂಡು, ಹಳೇಕೋಟೆಯಲ್ಲಿ ಗೊಬ್ಬರದ ಅಂಗಡಿ ನಡೆಸುತ್ತಿದ್ದ. ಅವನ ತಮ್ಮ ಮಂಜೇಗೌಡ ಕೊಲ್ಲಿಯ ಒಂದು ದೇಶದಲ್ಲಿ ಕ್ರೇನ್ ಓಡಿಸುತ್ತಿದ್ದ. ಆವತ್ತು ಪುಟ್ಟಸ್ವಾಮಿ ತನ್ನ ತಾಯಿ ನಿಂಗಮ್ಮನನ್ನೂ ತಮ್ಮನ ಹೆಂಡತಿ ಸಾವಿತ್ರಿಯನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾನೊಬ್ಬನೇ ಒಳಗೆ ಬಂದು ಬಾಗಿಲು ಮುಂದಕ್ಕೆ ಎಳೆದ. ಬೆಂಗಳೂರಿನ ಏಜೆಂಟೊಬ್ಬ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿದ ಕಾಗದವನ್ನು ಮುಂದಿಟ್ಟ.

ಮಂಜೇಗೌಡ ಸತ್ತುಹೋಗಿದ್ದ. ಹಿಂದಿನ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡಲು ಏಳಲಿಲ್ಲವಂತೆ. ಜೊತೆಯಲ್ಲಿದ್ದವರು ಅಣ್ಣನಿಗೆ ಫೋನು ಮಾಡಿ ತಿಳಿಸಿದ್ದರು. ದೇಹವನ್ನು ಊರಿಗೆ ತರಲು ವಾರಗಟ್ಟಲೆ ಆಗಬಹುದು, ಅಲ್ಲಿಯೇ ಅಂತ್ಯಕ್ರಿಯೆ ಮಾಡಲು ಹೆಂಡತಿ ಒಪ್ಪಿಗೆ ಕೊಟ್ಟರೆ ಬೇಗ ಮುಗಿಯುತ್ತದೆ ಎಂದು ಅಲ್ಲಿಯವರು ಹೇಳಿದ್ದರು. ನನ್ನ ಮುಂದಿದ್ದದ್ದು ಆ ಒಪ್ಪಿಗೆ ಪತ್ರ. ಸಾವಿತ್ರಿ ಸಹಿ ಹಾಕಬೇಕು, ನಾನು ಮೊಹರು ಹಾಕಬೇಕು.

ಪುಟ್ಟಸ್ವಾಮಿ ತಾಯಿಗೆ ಮಾತ್ರ ಹೇಳಿದ್ದ. ಸಾವಿತ್ರಿಗೆ ಏನೂ ಗೊತ್ತಿರಲಿಲ್ಲ.

"ಏಳನೇ ತಿಂಗ್ಳು ಮೇಡಂ. ಬೀಪಿ ಬ್ಯಾರೆ ಐತೆ," ಎಂದ ಪುಟ್ಟಸ್ವಾಮಿ. "ಈಗ್ಲೇ ಯೋಳಿ ಎಲ್ಡು ಜೀವ್ಕೂ ಏನಾರ ಆದ್ರೆ ನಾನ್ಯಾರ್ಗೆ ಮುಖ ತೋರ್ಸ್ಲಿ? ಅವ್ನು ಆಸ್ಪತ್ರೇಲವ್ನೆ, ಇದು ಆಸ್ಪತ್ರೆ ಕಾಗ್ದ ಅಂತ ಯೋಳಿವ್ನಿ. ಎರಿಗೆ ಆಗ್ಲಿ, ಆಮೇಕೆ ನಾನೇ ಯೋಳ್ತೀನಿ. ನೀವು ಓದಕ್ಕೋಗ್ಬ್ಯಾಡಿ. ಸೈನ್ ಆಕಿಸ್ಕಂಬುಡಿ."

ಅವನ ಕಣ್ಣು ಕೆಂಪಗಿತ್ತು. ತಮ್ಮ ಸತ್ತ ಸುದ್ದಿ ಕೇಳಿದ ಮೇಲೆ ಮನೆಯಲ್ಲಿ ಯಾರ ಮುಂದೆಯೂ ಅಳಲು ಆಗದೆ ಒಂದು ದಿನ ಕಳೆದಿದ್ದ ಮನುಷ್ಯ. ಅವನಲ್ಲಿ ಮೋಸ ಹುಡುಕಲು ಏನೂ ಇರಲಿಲ್ಲ. ಇದ್ದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು, ಎದ್ದು ಹೋಗಿ ಎನ್ನಬಹುದಿತ್ತು. ಇವನನ್ನು ಹಾಗೆ ಕಳಿಸಿದರೆ ಇದೇ ಬೀದಿಯಲ್ಲಿ ತಲೆ ಎತ್ತಿ ನೋಡದೆ ಮೊಹರು ಒತ್ತುವವರು ಇದ್ದರು. ನಾನು ಆಗುವುದಿಲ್ಲ ಎಂದರೆ ನನ್ನ ಕೈ ಶುದ್ಧವಾಗಿರುತ್ತದೆ, ಆ ಹೆಂಗಸಿಗೆ ಮಾತ್ರ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಕಿಟಕಿಯಿಂದ ನೋಡಿದೆ. ಸಾವಿತ್ರಿ ಚಪ್ಪಲಿ ಬಿಟ್ಟು ಊದಿದ ಪಾದಗಳನ್ನು ನೆಲಕ್ಕೆ ಒತ್ತಿ ಕೂತಿದ್ದಳು. ಇಪ್ಪತ್ತೈದರ ಆಸುಪಾಸಿನ ವಯಸ್ಸು. ನಿಂಗಮ್ಮ ಕಿತ್ತಳೆ ಸುಲಿದು ಒಂದೊಂದೇ ತೊಳೆ ಸೊಸೆಯ ಕೈಗೆ ಕೊಡುತ್ತಿದ್ದರು. ಸೊಸೆಯ ಮುಖ ಮಾತ್ರ ನೋಡುತ್ತಿರಲಿಲ್ಲ.

ಪುಟ್ಟಸ್ವಾಮಿಯನ್ನು ಕೇಳಿದೆ, ತಪಾಸಣೆಗೆ ಎಲ್ಲಿ ತೋರಿಸುತ್ತೀರಿ ಎಂದು. ಹಾಸನದಲ್ಲೇ ಒಬ್ಬ ಡಾಕ್ಟರಮ್ಮನ ನರ್ಸಿಂಗ್ ಹೋಮು. ನಂಬರು ತೆಗೆದುಕೊಂಡು ಅವನ ಎದುರಿಗೇ ಫೋನು ಮಾಡಿದೆ. ಡಾಕ್ಟರಮ್ಮ ಪೂರಾ ಕೇಳಿಸಿಕೊಂಡರು. ಆಮೇಲೆ, ಇಂಥ ಸುದ್ದಿ ಹಳ್ಳಿಯಲ್ಲಿ ಎರಡು ದಿನ ಬಚ್ಚಿಡೋಕ್ಕಾಗಲ್ಲ, ನಲ್ಲಿ ಹತ್ತಿರ ಯಾರೋ ಹೇಳೋದಕ್ಕಿಂತ ನನ್ನ ಮುಂದೆ, ಮಂಚದ ಮೇಲೆ ಕೂತು ಕೇಳಲಿ, ಕರೆದುಕೊಂಡು ಬನ್ನಿ ಎಂದರು.

ಪುಟ್ಟಸ್ವಾಮಿ ಒಪ್ಪಲಿಲ್ಲ. ಬೇರೆ ಕಡೆ ಹೋಗುತ್ತೇನೆಂದು ಕಾಗದ ಎತ್ತಿಕೊಂಡ. ನಾನು ಅವನಿಗೆ ಕಾನೂನು ಹೇಳಲಿಲ್ಲ. ನಾಳೆ ಆ ಮಗು ಹುಟ್ಟಿ, ಅವಳು ತಾನು ಸಹಿ ಹಾಕಿದ್ದು ಏನಕ್ಕೆ ಎಂದು ತಿಳಿದುಕೊಂಡಾಗ, ಅವಳು ಮೊದಲು ನೋಡುವುದು ನಿಮ್ಮ ಮುಖವನ್ನೇ ಅಲ್ಲವೇ ಎಂದು ಮಾತ್ರ ಕೇಳಿದೆ. ಬಾಗಿಲವರೆಗೆ ಹೋದವನು ತಿರುಗಿ ಬಂದು ಕಾಗದವನ್ನು ಮತ್ತೆ ನನ್ನ ಮೇಜಿನ ಮೇಲಿಟ್ಟ. ನಡೀರಿ, ನೀವೂ ಬನ್ನಿ ಎಂದ.

ಅವರ ಕಾರಿನಲ್ಲಿ ಸಾವಿತ್ರಿಯ ಪಕ್ಕ ಕೂತೆ. ಮೊಹರಿನ ಚೀಲ ತೊಡೆಯ ಮೇಲಿತ್ತು. ಅವಳು ನನ್ನ ಕಡೆ ತಿರುಗಿ, "ಈ ಪೇಪರ್ ಕಳ್ಸುದ್ರೆ ಅವ್ರನ್ನ ಬ್ಯಾಗ ಮನೆಗೆ ಬುಡ್ತಾರಾ ಮೇಡಂ?" ಎಂದು ಕೇಳಿದಳು. ಹೋದ ಮೇಲೆ ಮಾತಾಡೋಣಮ್ಮ ಎಂದೆ.

ನರ್ಸಿಂಗ್ ಹೋಮಿನ ಕೋಣೆಯಲ್ಲಿ ಡಾಕ್ಟರಮ್ಮ ಅವಳನ್ನು ಮಂಚದ ಮೇಲೆ ಕೂರಿಸಿ ಬೀಪಿ ನೋಡಿದರು. ಪಕ್ಕದಲ್ಲೇ ಕೂತು ಮಣಿಕಟ್ಟು ಹಿಡಿದುಕೊಂಡರು, ಬಿಡಲಿಲ್ಲ. ಹೇಳಬೇಕಾದವರು ನಿಂಗಮ್ಮ ಎಂದು ಮಾತಾಗಿತ್ತು. ನಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಪುಟ್ಟಸ್ವಾಮಿ ಗೋಡೆಯ ಕಡೆ ತಿರುಗಿ ನಿಂತ. ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಕಾಗದ ತೆಗೆದು, ಇಂಗ್ಲಿಷನ್ನು ಕನ್ನಡ ಮಾಡುತ್ತ, ಎಲ್ಲರಿಗೂ ಓದುವ ಹಾಗೇ ಓದತೊಡಗಿದೆ.

"ಸಾವಿತ್ರಿ, ಕೋಂ ಲೇಟ್ ಮಂಜೇಗೌಡ, ಆದ ನಾನು..."

ನಮ್ಮ ಕಡೆ ಪಹಣಿ, ಕ್ರಯಪತ್ರ, ರೇಷನ್ ಕಾರ್ಡು ಎಲ್ಲದರಲ್ಲೂ ಈ ಮಾತು ಇರುತ್ತದೆ. ಅಕ್ಷರ ಬಾರದವರಿಗೂ ಲೇಟ್ ಎಂದರೇನು ಎಂದು ಗೊತ್ತು. ಸಾವಿತ್ರಿ ಪಿಯುಸಿವರೆಗೆ ಓದಿದವಳು.

"ಅಲ್ಲಿ ತಪ್ಪಾಗೈತೆ ಮೇಡಂ," ಎಂದಳು. "ಲೇಟು ನಮ್ಮಾವ. ಇವ್ರಲ್ಲ. ಅದ್ನ ತಿದ್ಬುಡಿ."

ಬಹಳ ಜನರ ಕಾಗದಗಳಲ್ಲಿ ತಪ್ಪು ತಿದ್ದಿಕೊಟ್ಟಿದ್ದೇನೆ. ಆವತ್ತು ಅವಳ ಕಣ್ಣು ನೋಡಿ, "ತಪ್ಪಲ್ಲ ಸಾವಿತ್ರಿ," ಎಂದೆ.

ಅವಳು ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಗೋಡೆಗೆ ಮುಖ ಮಾಡಿದ್ದ ಭಾವನ ಬೆನ್ನು ನೋಡಿದಳು. ಕೂಗಲಿಲ್ಲ. ಉಸಿರು ಮೇಲೆ ಮೇಲೆ ಬಂತು. ಡಾಕ್ಟರಮ್ಮ ಅವಳ ಬೆನ್ನು ಸವರುತ್ತ, ನಿಧಾನ, ಮಗೂಗೆ ಉಸಿರು ಬೇಕು, ನಿಧಾನ ಎನ್ನುತ್ತಿದ್ದರು. ನಿಂಗಮ್ಮ ಬಂದು ಸೊಸೆಯ ಕಾಲು ಹಿಡಿದುಕೊಂಡು ನೆಲದ ಮೇಲೇ ಕೂತರು. ಆಗ ಅತ್ತವನು ಪುಟ್ಟಸ್ವಾಮಿ. ಗೋಡೆಗೆ ಹಣೆ ಒತ್ತಿ, ಎಳೆ ಮಗುವಿನ ಹಾಗೆ.

ಡಾಕ್ಟರಮ್ಮ ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಕಾರಿಡಾರಿನಲ್ಲಿ ಕೂತಿದ್ದಾಗ ನಾನು ಮಾಡಿದ್ದು ಸರಿಯೇ ಎಂದು ನನಗೆ ಗೊತ್ತಿರಲಿಲ್ಲ. ಈಗ ಬರೆಯುವಾಗ ಗೊತ್ತಿತ್ತು ಎಂದು ಬರೆಯುವುದು ಸುಲಭ. ಆಗ ಬಾಗಿಲಾಚೆ ಒಂದೊಂದು ಸದ್ದಿಗೂ ಎದ್ದು ನಿಲ್ಲುತ್ತಿದ್ದೆ. ಪುಟ್ಟಸ್ವಾಮಿ ನನ್ನಿಂದ ದೂರದ ಬೆಂಚಿನಲ್ಲಿ ಕೂತಿದ್ದ. ಒಮ್ಮೆ ಮಾತ್ರ ಈ ಕಡೆ ನೋಡಿ, ಅವ್ಳಿಗೇನಾರ ಆದ್ರೆ ನಿಮ್ಮನ್ನ ಬುಡಲ್ಲ ಎಂದ. ಅದು ಬೆದರಿಕೆಯಾಗಿರಲಿಲ್ಲ. ಅಷ್ಟು ಸುಸ್ತಾಗಿದ್ದ.

ಮಧ್ಯಾಹ್ನದ ಹೊತ್ತಿಗೆ ನರ್ಸು ಬಂದು ನನ್ನನ್ನು ಕರೆದಳು. ಸಾವಿತ್ರಿ ಎಡಮಗ್ಗುಲಿಗೆ ಮಲಗಿದ್ದಳು, ತೋಳಿಗೆ ಬೀಪಿ ಪಟ್ಟಿ ಸುತ್ತಿತ್ತು. ಮುಂದಕ್ಕೆ ಓದಿ ಎಂದಳು. ನಾನು ಡಾಕ್ಟರಮ್ಮನನ್ನು ನೋಡಿದೆ. ಅವರು ತಲೆಯಾಡಿಸಿದರು. ಓದಿದೆ. ನನ್ನ ಗಂಡನ ಅಂತ್ಯಕ್ರಿಯೆಯನ್ನು ಆ ದೇಶದಲ್ಲಿಯೇ ನೆರವೇರಿಸಲು ನನ್ನ ಒಪ್ಪಿಗೆಯಿದೆ ಎಂಬ ಸಾಲಿಗೆ ಬಂದಾಗ ಅವಳು ಕೈ ಎತ್ತಿದಳು.

"ಅಲ್ಯಾರವ್ರೆ ಅವ್ರಿಗೆ?"

ಪುಟ್ಟಸ್ವಾಮಿ ಬಾಗಿಲಲ್ಲಿ ನಿಂತಿದ್ದ. ತರೋದಕ್ಕೆ ತಡ ಆಗುತ್ತೆ, ನಿನ್ನ ಆರೋಗ್ಯ ಹಿಂಗೈತೆ, ಕಾಯೋದು ನಿನ್ನ ಕೈಲಿ ಆಗಲ್ಲ ಎಂದೆಲ್ಲ ತಡವರಿಸಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಕಾಯೋದು ನನ್ಗೆ ಒಸ್ದಲ್ಲ ಭಾವ," ಎಂದಳು. "ಊರ್ಗೆ ತರ್ಸಿ."

ಏಜೆಂಟನ ಕಾಗದವನ್ನು ನಾನು ಹರಿದು ಹಾಕಿದೆ. ನರ್ಸಿಂಗ್ ಹೋಮಿನ ಕಂಪ್ಯೂಟರಿನಲ್ಲೇ ಹೊಸದನ್ನು ಟೈಪ್ ಮಾಡಿದೆ, ನನ್ನ ಗಂಡನ ದೇಹವನ್ನು ಊರಿಗೆ ಕಳಿಸಿಕೊಡಿ, ಅಲ್ಲಿ ಪಡೆದುಕೊಳ್ಳುವವರು ಇಂಥವರು ಎಂದು. ಮತ್ತೆ ಮೊದಲಿನಿಂದ ಓದಿದೆ. ಮೊದಲ ಸಾಲಿಗೆ ಬಂದು ಕಾಗದದಿಂದ ತಲೆಯೆತ್ತಿ ಅವಳನ್ನು ನೋಡಿದೆ. ಅವಳು, ಓದಿ ಮೇಡಂ ಎಂದಳು. ಮಲಗಿದ್ದ ಹಾಗೇ, ರಟ್ಟಿನ ಮೇಲೆ ಕಾಗದ ಇಟ್ಟುಕೊಂಡು, ಕನ್ನಡದಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಡಾಕ್ಟರಮ್ಮ ಸಾಕ್ಷಿ ಹಾಕಿದರು.

ಮಾರನೆಯ ದಿನ ಬೆಂಗಳೂರಿಗೆ ಆ ಕಾಗದವನ್ನು ನಾನೇ ಒಯ್ದೆ. ಯಾವ ಕಿಟಕಿಯಲ್ಲೂ ತಡವಾಗದಂತೆ ಕಾಡಿ ಬೇಡಿ ಮುಗಿಸಿದೆ. ಅಲ್ಲಿ ಕಿಟಕಿಯಾಚೆ ಕೂತವರನ್ನು ಕಲ್ಲು ಮನಸ್ಸಿನವರೆಂದು ಹೊಸಬರು ಬೈಯುತ್ತಾರೆ. ವಿಷಯ ಹೇಳಿದಾಗ ಊಟಕ್ಕೆ ಎದ್ದಿದ್ದವರು ಮತ್ತೆ ಕೂತು ಮೊಹರು ಹಾಕಿಕೊಟ್ಟದ್ದನ್ನು ನಾನು ಕಂಡಿದ್ದೇನೆ.

ದೇಹ ಬರಲು ವಾರಗಳೇ ಹಿಡಿದವು. ಸಾವಿತ್ರಿ ಅಷ್ಟು ದಿನವೂ ಡಾಕ್ಟರಮ್ಮನ ಕಣ್ಣಳತೆಯಲ್ಲೇ ಇದ್ದಳು. ಅವಳನ್ನು ಕಾರಿನಲ್ಲಿ ಊರಿಗೆ ಕರೆದೊಯ್ದು, ಗಂಡನ ಮುಖ ತೋರಿಸಿ, ಮಣ್ಣು ಹಾಕಿಸಿ, ವಾಪಸ್ಸು ಕರೆತಂದರಂತೆ. ಹೆರಿಗೆ ಸ್ವಲ್ಪ ಮುಂಚೆಯೇ ಆಯಿತು. ಹೆಣ್ಣು ಮಗು, ತೂಕ ಕಡಿಮೆ, ಉಳಿದಂತೆ ಚೆನ್ನಾಗಿತ್ತು. ಸುದ್ದಿ ಹೇಳಿದವರು ಡಾಕ್ಟರಮ್ಮ. ಫೋನಿಟ್ಟ ಮೇಲೆ ನಾನು ಆವತ್ತಿನ ಮಿಕ್ಕ ಕಾಗದಗಳನ್ನೆಲ್ಲ ಮರುದಿನಕ್ಕೆ ಹಾಕಿ, ಮನೆಗೆ ಬಂದು ಮಲಗಿ ನಿದ್ದೆ ಮಾಡಿದೆ.

ಪುಟ್ಟಸ್ವಾಮಿ ಮತ್ತೆ ಬಂದದ್ದು ಅಲ್ಲಿಂದ ಬಂದ ಮರಣ ಪತ್ರವನ್ನು ಭಾಷಾಂತರ ಮಾಡಿಸಲು. ನರ್ಸಿಂಗ್ ಹೋಮಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋಗುವಾಗ ಮೇಜಿನ ಕೆಳಗೆ ನಾಲ್ಕು ಎಳನೀರು ಬಿಟ್ಟು ಹೋಗಿದ್ದ.

ಸಾವಿತ್ರಿ ಹಳೇಕೋಟೆಯ ಗೊಬ್ಬರದ ಅಂಗಡಿಯಲ್ಲಿ ಕೂರಲು ಶುರು ಮಾಡಿದಳೆಂದು ಕೇಳಿದೆ. ಬಿಲ್ಲು ಬರೆಯುವುದು, ದಾಸ್ತಾನು ನೋಡುವುದು ಎಲ್ಲ ಅವಳೇ. ಮಗಳು ಮಾನ್ಯಳನ್ನು ಶಾಲೆಗೆ ಸೇರಿಸಿದ ಮೇಲೆ, ಚನ್ನರಾಯಪಟ್ಟಣದ ಕಡೆಯ ರವಿ ಎಂಬುವನೊಂದಿಗೆ ಅವಳಿಗೆ ಮರುಮದುವೆಯಾಯಿತು. ಹುಡುಗನನ್ನು ಹುಡುಕಿದವನು ಪುಟ್ಟಸ್ವಾಮಿಯೇ. ರವಿ ಮೊದಲು ಊರಿನ ಹಾಲಿನ ಡೇರಿಯಲ್ಲಿದ್ದು, ಆಮೇಲೆ ನ್ಯೂಜಿಲೆಂಡಿನಲ್ಲಿ ಒಂದು ದೊಡ್ಡ ಹಸುವಿನ ಫಾರ್ಮಿನಲ್ಲಿ ಕೆಲಸಕ್ಕೆ ಹೋದವನು, ಮದುವೆಗೆ ತಡವಾಗಿತ್ತು. ಮಾತು ಕಡಿಮೆ. ಸಾವಿತ್ರಿಯನ್ನೂ ಮಗುವನ್ನೂ ಅಲ್ಲಿಗೆ ಕರೆದೊಯ್ಯುವ ಕಾಗದಗಳಿಗೆ ಅವನೂ ಜೊತೆಯಲ್ಲಿ ಬಂದಿದ್ದ. ನಾವು ಮಾತಾಡುತ್ತಿದ್ದ ಹೊತ್ತಿನಲ್ಲಿ ಮಗು ಅವನ ಅಂಗಿ ಜೇಬಿನ ಪೆನ್ನು ತೆಗೆದು ಅವನ ಅಂಗೈ ಮೇಲೇ ಗೀಚುತ್ತಿತ್ತು. ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಈಗ ಬೇಕಾಗಿದ್ದದ್ದು ಮಂಜೇಗೌಡನ ಮರಣ ಪತ್ರ, ಹೊಸ ಮದುವೆಯ ಪತ್ರ, ಮಗುವಿನ ಜನನ ಪತ್ರ. ಅವೆಲ್ಲ ಸರಾಗ. ಅದರ ಜೊತೆಗೆ, ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯಲು ಸತ್ತ ತಂದೆಯ ಮನೆಯವರ ಆಕ್ಷೇಪಣೆ ಇಲ್ಲ ಎಂಬ ಪ್ರಮಾಣಪತ್ರವೂ ಇದ್ದರೆ ಒಳ್ಳೆಯದು ಎಂದು ಅಲ್ಲಿಯ ವಕೀಲರು ಕೇಳಿದ್ದರು. ಅದಕ್ಕೆ ಹೆಬ್ಬೆಟ್ಟು ಒತ್ತಬೇಕಾದವರು ನಿಂಗಮ್ಮ.

ಅವರು ಬಂದು ನನ್ನ ಎದುರಿಗೆ ಕೂತರು. ವಯಸ್ಸಾಗಿತ್ತು, ಬೆನ್ನು ನೆಟ್ಟಗಿತ್ತು. ಸೊಸೆಯ ಮರುಮದುವೆಗೆ ಎಲ್ಲರಿಗಿಂತ ಮೊದಲು ಹೂಂ ಅಂದವರು ಅವರೇ ಎಂದು ಪುಟ್ಟಸ್ವಾಮಿ ಹೇಳಿದ್ದ. ಮೊಮ್ಮಗಳ ವಿಷಯ ಬೇರೆ. ನಾನು ಓದಿದೆ. ನನ್ನ ಮೊಮ್ಮಗಳಾದ ಮಾನ್ಯ ತನ್ನ ತಾಯಿಯೊಂದಿಗೆ ನ್ಯೂಜಿಲೆಂಡ್ ದೇಶಕ್ಕೆ ಹೋಗಿ ನೆಲೆಸಲು ನನ್ನ ಸಂಪೂರ್ಣ ಒಪ್ಪಿಗೆ ಇರುತ್ತದೆ. ನಿಂಗಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು. ಓದಿ ಮುಗಿಸಿ ಇಂಕು ಪ್ಯಾಡು ಮುಂದಕ್ಕೆ ಸರಿಸಿದೆ. ಅವರು ಕೈ ಚಾಚಲಿಲ್ಲ.

"ವಾಪಸ್ ಬತ್ತಾಳೆ ಅಂತ ಅದ್ರಾಗೆ ಎಲ್ಲೈತೆ?"

ಇಲ್ಲ ಎಂದೆ.

"ಬರೀರಿ ಅದ್ನ."

ಪುಟ್ಟಸ್ವಾಮಿಗೆ ಮುಜುಗರವಾಯಿತು. ಇದು ಕಾನೂನಿನ ಕಾಗದ ಕಣವ್ವ, ನಮ್ಮಿಷ್ಟ ಬಂದಂಗೆ ಬರೆಯೋಕ್ಕಾಗಲ್ಲ ಎಂದು ಸಮಾಧಾನ ಹೇಳಿದ. ಬೆಂಗಳೂರಿನ ಏಜೆಂಟನಿಗೆ ಫೋನು ಮಾಡಿದ. ಇಲ್ಲದ್ದು ಸೇರಿಸಿದರೆ ಷರತ್ತು ಹಾಕಿದ ಹಾಗಾಗುತ್ತದೆ, ಅಲ್ಲಿ ತಿರಸ್ಕಾರ ಮಾಡಬಹುದು, ಬೇಡವೇ ಬೇಡ ಎಂದು ಆತ ಖಡಾಖಂಡಿತವಾಗಿ ಹೇಳಿದ. ಆ ಮಾತಿನಲ್ಲಿ ಹುರುಳಿತ್ತು. ಕಾಗದ ಅಲ್ಲಿ ನಿಂತುಹೋದರೆ ಹೋಗುವವರ ದಾರಿಯೇ ನಿಂತುಹೋಗುತ್ತದೆ. ನಾನು ಸಾವಿತ್ರಿಯನ್ನು ನೋಡಿದೆ. ಅವಳು ರವಿಯ ಕಡೆ ನೋಡಿದಳು. ರವಿ ಮಗು ಗೀಚಿದ ಕೈಯನ್ನು ಮಡಚಿಕೊಂಡು, ರಜೆಗೆ ಕರ್ಕೊಂಡು ಬರೋದು ನನ್ನ ಜವಾಬ್ದಾರಿ, ಬರ್ದ್ರೆ ನನಗೇನೂ ತೊಂದರೆ ಇಲ್ಲ ಮೇಡಂ ಎಂದ.

"ಬರೀರಿ ಮೇಡಂ," ಎಂದಳು ಸಾವಿತ್ರಿ. "ನಿಂತೋದ್ರೆ ಇನ್ನೊಂದ್ಸಲ ಮಾಡ್ಸಣ."

ಷರತ್ತು ಎನಿಸದಂತೆ, ಆದರೂ ಓದಿದರೆ ನಿಂಗಮ್ಮನಿಗೆ ತಿಳಿಯುವಂತೆ, ಒಂದು ಸಾಲು ಹೊಂದಿಸಲು ನನಗೆ ಸಾಕಷ್ಟು ಹೊತ್ತು ಹಿಡಿಯಿತು. ಮಾನ್ಯಳ ಶಾಲಾ ರಜೆಯಲ್ಲಿ ಅವಳನ್ನು ಅಜ್ಜಿಯ ಮನೆಗೆ ಕರೆತರುವರೆಂದು ಅವಳ ತಾಯಿ ಮತ್ತು ಮಲತಂದೆ ತಿಳಿಸಿರುತ್ತಾರೆ, ನಾನು ಅದನ್ನು ನಂಬಿರುತ್ತೇನೆ. ಹೀಗೆ ಬರೆದು, ಮತ್ತೆ ಎಲ್ಲವನ್ನೂ ಮೊದಲಿನಿಂದ ಓದಿದೆ. ನಿಂಗಮ್ಮ ಆ ಸಾಲನ್ನು ಇನ್ನೊಂದು ಸಲ ಓದಿಸಿಕೊಂಡರು. ಆಮೇಲೆ ಹೆಬ್ಬೆರಳನ್ನು ತಾವೇ ಪ್ಯಾಡಿಗೆ ಅದ್ದಿ, ನಾನು ಹಿಡಿಯುವ ಮೊದಲೇ ಕಾಗದದ ಮೇಲೆ ಒತ್ತಿದರು. ಗೆರೆಗಳೆಲ್ಲ ಸ್ಪಷ್ಟವಾಗಿ ಮೂಡಿದವು.

ಆ ಕಾಗದ ಬೆಂಗಳೂರಿಗೆ ಹೋಯಿತು, ದೆಹಲಿಗೆ ಹೋಯಿತು. ಬೆನ್ನ ಮೇಲೆ ಅಪೊಸ್ಟಿಲ್ ಚೀಟಿ ಅಂಟಿಸಿಕೊಂಡು ಬಂತು. ಯಾವ ಕಚೇರಿಯಲ್ಲೂ ಯಾರೂ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯಲಿಲ್ಲ. ನ್ಯೂಜಿಲೆಂಡಿನವರೂ ಏನೂ ಕೇಳಲಿಲ್ಲವಂತೆ. ಅದಾದ ಸ್ವಲ್ಪ ದಿನಕ್ಕೆ ನನ್ನ ಕಣ್ಣಿನ ತೊಂದರೆ ಜಾಸ್ತಿಯಾಯಿತು. ಓದಿ ಹೇಳಲು ಆಗದವಳ ಕೈಯಲ್ಲಿ ಮೊಹರು ಇರಬಾರದೆಂದು ಅದನ್ನು ಹಿಂದಿರುಗಿಸಿ ಕೋಣೆ ಖಾಲಿ ಮಾಡಿದೆ.

ಅಲ್ಲಿಯ ಶಾಲೆಗಳಿಗೆ ದೊಡ್ಡ ರಜೆ ಡಿಸೆಂಬರಿನಲ್ಲಂತೆ. ಮೊದಲ ಡಿಸೆಂಬರಿನಲ್ಲಿ ಅವರು ಬರಲಿಲ್ಲ, ರವಿಗೆ ಫಾರ್ಮಿನಲ್ಲಿ ರಜೆ ಸಿಕ್ಕಿರಲಿಲ್ಲ. ನಿಂಗಮ್ಮ ಪುಟ್ಟಸ್ವಾಮಿಯನ್ನು ನನ್ನ ಮನೆಗೇ ಕಳಿಸಿದರು. ಹೇಳಲು ಅವನಿಗೆ ನಾಚಿಕೆ. ಕಾಗ್ದ ಸುಳ್ಳಾಯ್ತಾ ಅಂತ ಕೇಳ್ಕಂಡ್ ಬಾ ಅಂದವ್ರೆ ಎಂದ. ಯಾವ ವರ್ಷದ ರಜೆ ಎಂದು ಬರೆದಿಲ್ಲ, ಇನ್ನೂ ಸುಳ್ಳಾಗಿಲ್ಲ ಎಂದು ಹೇಳಿ ಕಳಿಸಿದೆ. ಅದು ವಕೀಲರ ಉತ್ತರ, ನನಗೂ ಅದರಿಂದ ಸಮಾಧಾನವಿರಲಿಲ್ಲ.

ಮರುವರ್ಷ ಕ್ರಿಸ್ಮಸ್ ಕಳೆದು ಒಂದು ದಿನ ಬೆಳಿಗ್ಗೆ ಪುಟ್ಟಸ್ವಾಮಿಯ ನಂಬರಿನಿಂದ ಫೋನು ಬಂತು. ಹಿನ್ನೆಲೆಯಲ್ಲಿ ಗಲಾಟೆ, ಮಗುವೊಂದು ಇಂಗ್ಲಿಷ್ ಕನ್ನಡ ಬೆರೆಸಿ ಏನೋ ಕೂಗುತ್ತಿತ್ತು. ಮಾತಾಡಿದವರು ನಿಂಗಮ್ಮ. ಫೋನಿನಲ್ಲಿ ಜೋರಾಗಿ ಮಾತಾಡಬೇಕೆಂದು ತಿಳಿದವರ ಹಾಗೆ ಜೋರಾಗಿ ಹೇಳಿದರು.

"ಬಂದವ್ಳೆ ಕಣಮ್ಮ. ನೀವು ಬರ್ದಂಗೇ ಬಂದವ್ಳೆ."